ಮೆದುಳು ತನ್ನನ್ನೇ ತಿನ್ನುತ್ತದಾ, ತೊಳೆದುಕೊಳ್ಳುತ್ತದಾ? ಗ್ಲಿಯಾ ಕೋಶಗಳ ಸುದ್ದಿ ಯಾಕಿಷ್ಟು ಗೊಂದಲ

ವಾಟ್ಸಾಪ್ ಗುಂಪುಗಳಲ್ಲಿ ಮೂರು ಸುದ್ದಿ ಸುತ್ತುತ್ತಲೇ ಇರುತ್ತವೆ. ನಿದ್ದೆಗೆಟ್ಟರೆ ಮೆದುಳು ತನ್ನನ್ನೇ ತಿನ್ನಲು ಶುರು ಮಾಡುತ್ತದೆ ಅನ್ನುವುದು ಮೊದಲನೆಯದು. ನಿದ್ದೆಯಲ್ಲಿ ಮೆದುಳು ತನ್ನ ಕೊಳೆ ತೊಳೆದುಕೊಳ್ಳುತ್ತದೆ ಅನ್ನುವುದು ಎರಡನೆಯದು. ಆ ತೊಳೆಯೋ ಕಥೆಯೇ ತಪ್ಪು, ಎಚ್ಚರವಿದ್ದಾಗಲೇ ಕೊಳೆ ಜಾಸ್ತಿ ಹೊರಹೋಗುತ್ತದೆ ಅನ್ನುವುದು ಮೂರನೆಯದು. ಇವುಗಳ ಮಧ್ಯೆ ಮರೆವಿನ ಕಾಯಿಲೆಯ ಔಷಧಗಳ ಸುದ್ದಿ ಬೇರೆ. ಒಂದು ಗೆದ್ದಿತಂತೆ, ಇನ್ನೊಂದು ಸೋತಿತಂತೆ.

ಕೊಡಗಿನಲ್ಲಿ ಇಂಥ ಸುದ್ದಿ ಓದಿ ಹೆದರುವವರು ಸ್ವಲ್ಪ ಜಾಸ್ತಿಯೇ ಇರಬಹುದು. ವಿರಾಜಪೇಟೆಯಿಂದ ಸೋಮವಾರಪೇಟೆವರೆಗೆ, ಕೊಯ್ಲಿನ ತಿಂಗಳುಗಳಲ್ಲಿ ನಿದ್ದೆ ಪೂರ್ತಿಯಾಗುವ ಮನೆ ಕಮ್ಮಿ. ಹಗಲು ಕೊಯ್ಲು, ಸಂಜೆ ತೂಕ, ಕಣದಲ್ಲಿ ಹರಡಿದ ಕಾಫಿಯ ಮೇಲೆ ಒಂದು ಕಣ್ಣು, ತೋಟಕ್ಕೆ ಆನೆ ನುಗ್ಗಿತಾ ಅಂತ ಒಂದು ಕಿವಿ. ಅಂಥವರ ಫೋನಿಗೆ ರಾತ್ರಿ ಹನ್ನೊಂದಕ್ಕೆ "ಮೆದುಳು ತನ್ನನ್ನೇ ತಿನ್ನುತ್ತದೆ" ಅಂತ ಬಂದರೆ ಇದ್ದ ನಿದ್ದೆಯೂ ಹೋಗುತ್ತದೆ, ಅಲ್ವಾ?

ಈ ಎಲ್ಲ ಸುದ್ದಿಗಳೂ ಒಂದೇ ಬಳಗದ ಕೋಶಗಳ ಬಗ್ಗೆ. ಹೆಸರು ಗ್ಲಿಯಾ. ಶಾಲೆಯ ಪುಸ್ತಕದಲ್ಲಿ ನರಕೋಶದ ಚಿತ್ರ ಅರ್ಧ ಪುಟ ಹಿಡಿಯುತ್ತದೆ. ಗ್ಲಿಯಾಕ್ಕೆ ಸಿಗುವುದು ಒಂದು ಸಾಲು: ನರಕೋಶಗಳಿಗೆ ಆಸರೆ ಕೊಡುತ್ತವೆ, ಪೋಷಿಸುತ್ತವೆ. ಸಾಲು ಸರಿಯಾಗಿಯೇ ಇದೆ. ಆದರೆ ಅಷ್ಟನ್ನೇ ಓದಿ ಬಂದವರಿಗೆ ಇವತ್ತಿನ ಸುದ್ದಿ ತಲೆಬುಡ ಹತ್ತುವುದಿಲ್ಲ. ಆಸರೆಗೆ ಅಂತ ಇರುವವು ತಿನ್ನುವುದು ಯಾಕೆ? ತೊಳೆಯುವುದು ಹೇಗೆ? ಔಷಧ ಕಂಪನಿಗಳು ಒಮ್ಮೆ ಅವುಗಳನ್ನು ಎಬ್ಬಿಸಲು, ಇನ್ನೊಮ್ಮೆ ಸುಮ್ಮನಿರಿಸಲು ಹೊರಡುವುದು ಯಾಕೆ?

ಅಂಟು ಅಂತ ಹೆಸರು ಬಿದ್ದಿದ್ದು

1856ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಖೋ ಈ ಕೋಶಗಳಿಗೆ ನರಗಳ ಅಂಟು ಅಂತ ಹೆಸರಿಟ್ಟರು. ಗ್ಲಿಯಾ ಅನ್ನುವ ಗ್ರೀಕ್ ಪದದ ಅರ್ಥವೂ ಅಂಟು ಅಂತಲೇ. ನರಕೋಶಗಳು ಚದುರಿ ಹೋಗದ ಹಾಗೆ ಹಿಡಿದಿಡುವ ಗಾರೆ ಅನ್ನುವ ಭಾವನೆ. ಮುಂದೆ ನೂರು ವರ್ಷ ಹೆಚ್ಚಿನವರು ಇವುಗಳ ಕಡೆ ತಿರುಗಿ ನೋಡಲಿಲ್ಲ.

ಅದಕ್ಕೆ ಕಾರಣ ಸೋಮಾರಿತನ ಅಲ್ಲ, ಉಪಕರಣ. ನರಕೋಶ ಮಾತಾಡುವುದು ವಿದ್ಯುತ್ತಿನಲ್ಲಿ. ತಂತಿ ಚುಚ್ಚಿದರೆ ಮಿಡಿತ ಸಿಗುತ್ತದೆ. ಗ್ಲಿಯಾಕ್ಕೆ ತಂತಿ ಚುಚ್ಚಿದರೆ ಅಂಥ ಮಿಡಿತ ಇಲ್ಲ. ಮಿಡಿತ ಇಲ್ಲ ಅಂದಮೇಲೆ ಕೆಲಸವೂ ಇಲ್ಲ ಅಂದುಕೊಂಡರು. 1990ರ ಹೊತ್ತಿಗೆ ಕ್ಯಾಲ್ಸಿಯಂ ಏರಿಳಿದಾಗ ಹೊಳೆಯುವ ಬಣ್ಣಗಳನ್ನು ಬಳಸಿ ನೋಡಿದಾಗ ಗೊತ್ತಾಯಿತು: ಇವುಗಳ ಒಳಗೂ ಅಲೆಗಳು ಏಳುತ್ತವೆ, ಪಕ್ಕದ ಕೋಶಕ್ಕೆ ದಾಟುತ್ತವೆ. ಇವೂ ಮಾತಾಡುತ್ತಿದ್ದವು, ಕೇಳುವ ಕಿವಿ ಬೇರೆ ಬೇಕಿತ್ತು ಅಷ್ಟೆ.

ಎಣಿಕೆಯಲ್ಲೂ ಒಂದು ದಂತಕಥೆ ಬೆಳೆದಿತ್ತು. ಗ್ಲಿಯಾ ಕೋಶಗಳು ನರಕೋಶಗಳ ಹತ್ತು ಪಟ್ಟು ಇವೆ ಅಂತ ದಶಕಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ನಕಲಾಯಿತು. 2009ರಲ್ಲಿ ಬ್ರೆಜಿಲ್‌ನ ಸುಜಾನಾ ಹರ್ಕುಲಾನೋ-ಹೌಜೆಲ್ ಮತ್ತು ಜೊತೆಗಾರರು ಮೆದುಳನ್ನು ಕರಗಿಸಿ ಗಂಜಿಯಂತೆ ಮಾಡಿ, ಅದರಲ್ಲಿ ತೇಲುವ ಕೋಶಕೇಂದ್ರಗಳನ್ನು ಎಣಿಸಿದರು. ನರಕೋಶಗಳು ಸುಮಾರು 8,600 ಕೋಟಿ. ಉಳಿದ ಕೋಶಗಳು ಒಟ್ಟು ಸೇರಿಸಿದರೂ ಸುಮಾರು ಅಷ್ಟೇ. ಅಲ್ಲಿಗೆ ಹತ್ತು ಪಟ್ಟಿನ ಕಥೆ ಮುಗಿಯಬೇಕಿತ್ತು. ಯೂಟ್ಯೂಬ್‌ನಲ್ಲಿ ಇನ್ನೂ ಮುಗಿದಿಲ್ಲ.

ಏಣಿಯ ಮೇಲೆ ಒಂದು ಕ್ಷಣ

ಇವುಗಳ ಕೆಲಸ ತಿಳಿಯಲು ಪಟ್ಟಿ ಓದುವುದಕ್ಕಿಂತ ಒಂದು ಕ್ಷಣವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಕರಿಮೆಣಸಿನ ಕೊಯ್ಲು. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿ. ಮೇಲೆ ಒಬ್ಬ, ಸೊಂಟಕ್ಕೆ ಚೀಲ. ಬೆಳಗಿನ ಇಬ್ಬನಿಗೆ ಮೆಟ್ಟಿಲು ಜಾರುತ್ತದೆ, ಪಾದ ಅರ್ಧ ಇಂಚು ಸರಿಯುತ್ತದೆ. ಯೋಚಿಸುವ ಮೊದಲೇ ಕಾಲಿನ ಸ್ನಾಯು ಬಿಗಿಯುತ್ತದೆ, ಕೈ ಬಳ್ಳಿ ಬಿಟ್ಟು ಏಣಿ ಹಿಡಿಯುತ್ತದೆ.

ಪಾದದಿಂದ ಬೆನ್ನುಹುರಿಗೆ ಸುಮಾರು ಒಂದು ಮೀಟರ್. ಈ ದಾರಿಯ ನರದ ಎಳೆಗಳಿಗೆ ಶ್ವಾನ್ ಕೋಶಗಳು ಅನ್ನುವ ಒಂದು ಬಗೆಯ ಗ್ಲಿಯಾ ಸುತ್ತಿಕೊಂಡಿರುತ್ತವೆ. ಒಂದೊಂದು ಕೋಶ ಎಳೆಯ ಒಂದು ತುಂಡಿಗೆ, ಹೆಚ್ಚೆಂದರೆ ಒಂದು ಮಿಲಿಮೀಟರ್ ಉದ್ದಕ್ಕೆ, ಚಾಪೆ ಸುರುಳಿಯ ಹಾಗೆ ಪದರ ಪದರ ಸುತ್ತುತ್ತದೆ. ಈ ಕೊಬ್ಬಿನ ಹೊದಿಕೆಯೇ ಮೈಲಿನ್. ಎರಡು ಸುರುಳಿಗಳ ನಡುವೆ ಚಿಕ್ಕ ಸಂದು ಇರುತ್ತದೆ. ಸಂದೇಶ ಸಂದಿನಿಂದ ಸಂದಿಗೆ ನೆಗೆಯುತ್ತದೆ. ದಪ್ಪ ಹೊದಿಕೆಯ ಎಳೆಯಲ್ಲಿ ಅದರ ವೇಗ ಸೆಕೆಂಡಿಗೆ 80ರಿಂದ 120 ಮೀಟರ್. ಹೊದಿಕೆ ಇಲ್ಲದ ಎಳೆಯಲ್ಲಿ ಸೆಕೆಂಡಿಗೆ ಅರ್ಧದಿಂದ ಎರಡು ಮೀಟರ್, ಅಷ್ಟೇ.

ಲೆಕ್ಕ ಹಾಕಿ. ಹೊದಿಕೆ ಇದ್ದರೆ ಜಾರಿದ ಸುದ್ದಿ ಬೆನ್ನುಹುರಿ ತಲುಪಲು ಒಂದು ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಹೊದಿಕೆ ಇಲ್ಲದಿದ್ದರೆ ಹೆಚ್ಚುಕಮ್ಮಿ ಒಂದು ಸೆಕೆಂಡ್ ಬೇಕು. ಒಂದು ಸೆಕೆಂಡಿನಲ್ಲಿ ಮನುಷ್ಯ ಹದಿನಾರು ಅಡಿ ಕೆಳಗೆ ಬಿದ್ದಿರುತ್ತಾನೆ. ಸುದ್ದಿ ತಲುಪುವ ಮೊದಲೇ ನೆಲ ತಲುಪಿರುತ್ತದೆ.

ಬೆನ್ನುಹುರಿಯ ಒಳಗೆ ಬಂದ ಕೂಡಲೇ ಹೊದಿಸುವ ಆಳು ಬದಲಾಗುತ್ತದೆ. ಅಲ್ಲಿ ಈ ಕೆಲಸ ಆಲಿಗೊಡೆಂಡ್ರೋಸೈಟ್‌ನದು. ಇದಕ್ಕೆ ಹಲವು ಕೈ. ಒಂದೇ ಕೋಶ 50 ತುಂಡುಗಳವರೆಗೂ ಹೊದಿಕೆ ಸುತ್ತಬಲ್ಲದು. ಈ ಬದಲಾವಣೆಯನ್ನು ನೆನಪಿಡಿ. ಏಣಿಯಿಂದ ಬಿದ್ದವರ ಬದುಕು ಮುಂದೆ ಇದರ ಮೇಲೇ ನಿಂತಿದೆ.

ಈಗ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಜಾಗ. ಇದನ್ನು ಸಿನಾಪ್ಸ್ ಅನ್ನುತ್ತಾರೆ. ಇಲ್ಲಿ ಗ್ಲುಟಮೇಟ್ ಅನ್ನುವ ರಾಸಾಯನಿಕ ಚೆಲ್ಲುತ್ತದೆ, ಆಚೆ ಬದಿಯ ಕೋಶ ಎಚ್ಚೆತ್ತುಕೊಳ್ಳುತ್ತದೆ. ಚೆಲ್ಲಿದ್ದು ಅಲ್ಲೇ ಉಳಿದರೆ ಆಚೆಯ ಕೋಶ ಮಿಡಿದು ಮಿಡಿದು ಸಾಯುತ್ತದೆ. ಅದನ್ನು ಕೂಡಲೇ ಒರೆಸಿ ತೆಗೆಯುವುದು ಆಸ್ಟ್ರೋಸೈಟ್. ನಕ್ಷತ್ರದ ಆಕಾರದ ಕೋಶ, ಹೆಸರು ಬಂದಿದ್ದೇ ಅದರಿಂದ. ಮಿಡಿತದ ನಂತರ ಹೊರಗೆ ಸೇರಿಕೊಳ್ಳುವ ಪೊಟ್ಯಾಶಿಯಂ ಹೀರುವುದೂ ಇದೇ. ಇದರ ಒಂದು ಕೈ ಸಿನಾಪ್ಸ್ ಮೇಲೆ, ಇನ್ನೊಂದು ರಕ್ತನಾಳದ ಮೇಲೆ. ಎಲ್ಲಿ ಕೆಲಸ ಜಾಸ್ತಿಯೋ ಅಲ್ಲಿಗೆ ರಕ್ತ ಜಾಸ್ತಿ ಬರುವಂತೆ ನೋಡಿಕೊಳ್ಳುತ್ತದೆ, ತನ್ನಲ್ಲಿ ಕೂಡಿಟ್ಟ ಸಕ್ಕರೆಯಿಂದ ನರಕೋಶಕ್ಕೆ ಇಂಧನವನ್ನೂ ಒದಗಿಸುತ್ತದೆ. ಮನುಷ್ಯನ ಒಂದು ಆಸ್ಟ್ರೋಸೈಟ್ ಇಪ್ಪತ್ತು ಲಕ್ಷದವರೆಗೂ ಸಿನಾಪ್ಸ್‌ಗಳನ್ನು ಮುಟ್ಟಬಲ್ಲದು ಅನ್ನುವ ಅಂದಾಜಿದೆ.

ಹೊದಿಸುವವು, ಒರೆಸುವವು ಆದ ಮೇಲೆ ಮೂರನೆಯದು ಮೈಕ್ರೋಗ್ಲಿಯಾ. ಇದು ಮೆದುಳಿನಲ್ಲಿ ಹುಟ್ಟಿದ್ದೇ ಅಲ್ಲ. ಭ್ರೂಣ ಇನ್ನೂ ಎಳೆಯದಿರುವಾಗ ಹಳದಿ ಚೀಲ ಅನ್ನುವ ಭಾಗದಿಂದ ವಲಸೆ ಬಂದು ಮೆದುಳಿನಲ್ಲಿ ಬೀಡುಬಿಟ್ಟ ರೋಗನಿರೋಧಕ ಕೋಶ. ಇದರ ಎಳೆಗಳು ಸದಾ ಆಚೀಚೆ ತಡಕಾಡುತ್ತಲೇ ಇರುತ್ತವೆ. ಎಲ್ಲಾದರೂ ಚಿಕ್ಕ ಗಾಯವಾದರೂ ನಿಮಿಷಗಳಲ್ಲಿ ಹಾಜರು. ಸತ್ತ ಕೋಶ, ಕಸ, ರೋಗಾಣು, ಎಲ್ಲವನ್ನೂ ನುಂಗುತ್ತದೆ. ಈ ಬಳಗದಲ್ಲಿ ಇನ್ನೂ ಕೆಲವರಿದ್ದಾರೆ, ಮೆದುಳಿನ ಒಳಕೋಣೆಗಳಿಗೆ ಅಸ್ತರಿಯಂತಿರುವ ಕೋಶಗಳು, ನರಗಂಟುಗಳನ್ನು ಸುತ್ತುವರಿದ ಕೋಶಗಳು. ಅವು ಸದ್ಯಕ್ಕೆ ಸುದ್ದಿಯಲ್ಲಿಲ್ಲ.

ತಿನ್ನುವುದು ದಿನದ ಕೆಲಸ

ಈಗ ಮೊದಲ ಸುದ್ದಿಗೆ ಬರೋಣ. ಇದರ ಮೂಲ 2017ರ ಒಂದು ಇಲಿ ಅಧ್ಯಯನ. ಕೆಲವು ಇಲಿಗಳಿಗೆ ಚೆನ್ನಾಗಿ ಮಲಗಲು ಬಿಟ್ಟರು, ಕೆಲವನ್ನು ಕೆಲವು ಗಂಟೆ ಎಚ್ಚರವಿರಿಸಿದರು, ಕೆಲವಕ್ಕೆ ದಿನಗಟ್ಟಲೆ ನಿದ್ದೆ ಕೊಡಲಿಲ್ಲ. ನಿದ್ದೆಗೆಟ್ಟ ಇಲಿಗಳಲ್ಲಿ ಆಸ್ಟ್ರೋಸೈಟ್‌ಗಳು ಸಿನಾಪ್ಸ್‌ಗಳ ಚೂರುಗಳನ್ನು ಹೆಚ್ಚು ನುಂಗುತ್ತಿದ್ದವು. ದಿನಗಟ್ಟಲೆ ಮಲಗದವುಗಳಲ್ಲಿ ಮೈಕ್ರೋಗ್ಲಿಯಾವೂ ಎಚ್ಚೆತ್ತಿದ್ದವು.

ತಲೆಬರಹ ಬಿಟ್ಟ ಸಂಗತಿ ಏನು? ಚೆನ್ನಾಗಿ ಮಲಗಿದ ಇಲಿಗಳಲ್ಲೂ ಈ ನುಂಗುವಿಕೆ ನಡೆಯುತ್ತಲೇ ಇತ್ತು. ನುಂಗಿದ್ದು ಇಡೀ ನರಕೋಶವನ್ನಲ್ಲ, ಸಿನಾಪ್ಸ್‌ನ ತುಣುಕುಗಳನ್ನು. ಅದರಲ್ಲೂ ಹೆಚ್ಚು ದುಡಿದ ದೊಡ್ಡ ಸಿನಾಪ್ಸ್‌ಗಳ ಭಾಗಗಳನ್ನು. ಹಳೆಯ ಸಾಮಾನು ತೆಗೆದು ದುರಸ್ತಿ ಮಾಡುವ ಹಾಗೆ.

ಇನ್ನೂ ಹಿಂದಕ್ಕೆ ಹೋದರೆ, ತಿನ್ನದಿದ್ದರೆ ಮೆದುಳೇ ಸರಿಯಾಗಿ ಬೆಳೆಯುವುದಿಲ್ಲ. ಮಗುವಿನ ಮೆದುಳಿನಲ್ಲಿ ದೊಡ್ಡವರಿಗಿಂತ ಹೆಚ್ಚು ಸಿನಾಪ್ಸ್ ಇರುತ್ತವೆ. ಬೇಡದ್ದನ್ನು ಸವರಿ ತೆಗೆದಾಗ ಉಳಿದವು ಗಟ್ಟಿಯಾಗುತ್ತವೆ. ಈ ಸವರುವಿಕೆಯಲ್ಲಿ ಮೈಕ್ರೋಗ್ಲಿಯಾದ ಕೈ ಇದೆ ಅನ್ನುವುದನ್ನು ಅಮೆರಿಕದ ಬೆತ್ ಸ್ಟೀವನ್ಸ್ ಮತ್ತು ಸಂಗಡಿಗರು 2012ರಲ್ಲಿ ಇಲಿಗಳಲ್ಲಿ ತೋರಿಸಿದರು. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಫಿ ಗಿಡದ ಚಿಗುರು ತೆಗೆಯುವ ಆಳನ್ನು ನೋಡಿ "ಗಿಡ ಕಡಿಯುತ್ತಿದ್ದಾನೆ" ಅಂತ ಯಾರೂ ಕೂಗುವುದಿಲ್ಲ. ಆದರೆ ಅದೇ ಆಳು ಫಸಲು ಕೊಡುವ ರೆಕ್ಕೆಯನ್ನೂ ಸವರಿಬಿಟ್ಟರೆ ಮಾತು ಬೇರೆ.

ಹಾಗಾಗಿ ಸುದ್ದಿ ಸುಳ್ಳಲ್ಲ, ಅಳತೆ ತಪ್ಪಿದ ಸುದ್ದಿ. ಎರಡು ರಾತ್ರಿ ಕಣ ಕಾದವರ ಮೆದುಳು ಸವೆದುಹೋಯಿತು ಅಂತ ಆ ಅಧ್ಯಯನದಿಂದ ಹೇಳಲು ಬರುವುದಿಲ್ಲ. ವರ್ಷಗಟ್ಟಲೆ ನಿದ್ದೆಗೆಡುವುದು ಮೆದುಳಿಗೆ ಏನೂ ಮಾಡದು ಅಂತಲೂ ಹೇಳಲು ಬರುವುದಿಲ್ಲ.

ತೊಳೆಯುವ ಜಗಳ

ಎರಡನೆಯ ಮತ್ತು ಮೂರನೆಯ ಸುದ್ದಿ ಒಂದೇ ಜಗಳದ ಎರಡು ಕಡೆ. 2012ರಲ್ಲಿ ಅಮೆರಿಕದ ರಾಚೆಸ್ಟರ್‌ನ ಮೈಕೆನ್ ನೆಡರ್‌ಗಾರ್ಡ್ ಅವರ ತಂಡ ಒಂದು ಹೊಸ ವ್ಯವಸ್ಥೆಯನ್ನು ವಿವರಿಸಿತು. ಮೆದುಳಿನ ಸುತ್ತ ಇರುವ ನೀರಿನಂಥ ದ್ರವ ರಕ್ತನಾಳಗಳ ಪಕ್ಕದ ಓಣಿಗಳ ಮೂಲಕ ಒಳಗೆ ಇಳಿಯುತ್ತದೆ, ಕೋಶಗಳ ನಡುವೆ ಹರಿದು ಕಸವನ್ನು ಹೊತ್ತು ಹೊರಗೆ ಹೋಗುತ್ತದೆ. ಓಣಿಯ ಗೋಡೆ ಆಸ್ಟ್ರೋಸೈಟ್‌ಗಳ ಪಾದಗಳಿಂದ ಆಗಿದೆ, ಆ ಪಾದಗಳಲ್ಲಿ ನೀರು ದಾಟಿಸುವ ಸಣ್ಣ ಬಾಗಿಲುಗಳಿವೆ. 2013ರಲ್ಲಿ ಅದೇ ತಂಡ ಇನ್ನೊಂದು ಹೆಜ್ಜೆ ಹೋಯಿತು. ಇಲಿಗಳು ಮಲಗಿದಾಗ ಕೋಶಗಳ ನಡುವಿನ ಜಾಗ ಸುಮಾರು 60% ಹಿಗ್ಗುತ್ತದೆ, ಮರೆವಿನ ಕಾಯಿಲೆಯಲ್ಲಿ ಗಂಟುಕಟ್ಟುವ ಅಮಿಲಾಯ್ಡ್ ಅನ್ನುವ ಪ್ರೋಟೀನ್ ಎರಡು ಪಟ್ಟು ವೇಗವಾಗಿ ಹೊರಹೋಗುತ್ತದೆ ಎಂದಿತು. ನಿದ್ದೆ ಯಾಕೆ ಬೇಕು ಅನ್ನುವ ಹಳೆಯ ಪ್ರಶ್ನೆಗೆ ಇಷ್ಟು ಚೆಂದದ ಉತ್ತರ ಹಿಂದೆ ಸಿಕ್ಕಿರಲಿಲ್ಲ. ಚೆಂದದ ಉತ್ತರ ಬೇಗ ಹಬ್ಬುತ್ತದೆ.

2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ನಿಕ್ ಫ್ರಾಂಕ್ಸ್ ಅವರ ತಂಡ ತಣ್ಣೀರು ಎರಚಿತು. ಅವರು ಇಲಿಯ ಮೆದುಳಿಗೆ ಬಣ್ಣ ಹಾಕಿ, ಅದು ಎಷ್ಟು ಹೊರಹೋಗುತ್ತದೆ ಅಂತ ಅಳೆದರು. ನಿದ್ದೆಯಲ್ಲಿ ಅದು ಸುಮಾರು 30% ಕಮ್ಮಿ. ಅರಿವಳಿಕೆ ಕೊಟ್ಟಾಗ ಸುಮಾರು 50% ಕಮ್ಮಿ. ಅಂದರೆ ಪೂರ್ತಿ ಉಲ್ಟಾ.

ಯಾರು ಸರಿ? ಇಬ್ಬರೂ ಒಂದೇ ಸಂಗತಿಯನ್ನು ಅಳೆದಿಲ್ಲ, ಗೊಂದಲದ ಬೇರು ಅದೇ. ಮೊದಲ ತಂಡ ಹೆಚ್ಚಾಗಿ ನೋಡಿದ್ದು ಹೊರಗಿನ ದ್ರವ ಎಷ್ಟು ಒಳಗೆ ಬರುತ್ತದೆ ಅಂತ. ಎರಡನೆಯ ತಂಡ ನೋಡಿದ್ದು ಒಳಗೆ ಹಾಕಿದ್ದು ಎಷ್ಟು ಹೊರಗೆ ಹೋಗುತ್ತದೆ ಅಂತ. ಕೆರೆಗೆ ನೀರು ಬರುವ ತೋಡನ್ನು ಒಬ್ಬರು, ಹೋಗುವ ತೂಬನ್ನು ಇನ್ನೊಬ್ಬರು ಅಳೆದ ಹಾಗೆ. ನೆಡರ್‌ಗಾರ್ಡ್ ಕಡೆಯವರ ತಕರಾರು, ಮೆದುಳಿಗೆ ಸೂಜಿ ಚುಚ್ಚಿದರೆ ಆ ನಾಜೂಕು ಹರಿವೇ ಕೆಡುತ್ತದೆ ಅನ್ನುವುದು. ಫ್ರಾಂಕ್ಸ್ ಕಡೆಯವರ ತಕರಾರು, ಒಳಗೆ ಬಂದದ್ದನ್ನು ನೋಡಿ ಹೊರಗೆ ಹೋಯಿತು ಅಂತ ಊಹಿಸುವುದು ಸರಿಯಲ್ಲ ಅನ್ನುವುದು. ಎರಡರಲ್ಲೂ ಹುರುಳಿದೆ.

2025ರ ಜನವರಿಯಲ್ಲಿ ನೆಡರ್‌ಗಾರ್ಡ್ ತಂಡ ಮತ್ತೆ ಬಂತು. ಮಲಗಿದ ಇಲಿಗಳಲ್ಲಿ ನಾರ್‌ಅಡ್ರಿನಲಿನ್ ಅನ್ನುವ ಮೆದುಳಿನ ರಾಸಾಯನಿಕ ನಿಧಾನವಾಗಿ ಏರಿಳಿಯುತ್ತದೆ, ಅದರ ತಾಳಕ್ಕೆ ರಕ್ತನಾಳಗಳು ಹಿಗ್ಗಿ ಕುಗ್ಗಿ ಪಂಪಿನಂತೆ ದ್ರವವನ್ನು ತಳ್ಳುತ್ತವೆ ಅಂತ ತೋರಿಸಿತು. ಜೊಲ್ಪಿಡೆಮ್ ಅನ್ನುವ ನಿದ್ದೆ ಮಾತ್ರೆ ಕೊಟ್ಟಾಗ ಈ ತಾಳ ಕುಗ್ಗಿತು. ಇದೂ ಇಲಿಯ ಮಾತೇ. ಇದನ್ನು ಓದಿ ಡಾಕ್ಟರು ಬರೆದ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಬೇಡ. ಆದರೆ ಮಾತ್ರೆಯ ನಿದ್ದೆಯೂ ತಾನಾಗಿ ಬಂದ ನಿದ್ದೆಯೂ ಒಂದೇ ಅಲ್ಲದಿರಬಹುದು ಅನ್ನುವ ಸುಳಿವು ಇಲ್ಲಿದೆ.

ಈ ಜಗಳದಲ್ಲಿ ಕಾಫಿಯ ಜಾಗ ಯಾವುದು ಅಂತ ಕೇಳದಿದ್ದರೆ ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯುವ ಜಿಲ್ಲೆಯ ಓದುಗರಿಗೆ ಸಮಾಧಾನವಾಗದು. ಎಚ್ಚರವಿದ್ದಷ್ಟೂ ಮೆದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ, ನಿದ್ದೆ ಎಳೆಯುತ್ತದೆ. ಇದರ ಒಂದು ಪಾಲು ಆಸ್ಟ್ರೋಸೈಟ್‌ಗಳು ಹೊರಬಿಡುವ ವಸ್ತುವಿನಿಂದ ಆಗುವಂಥದ್ದು. 2009ರಲ್ಲಿ ಇಲಿಗಳ ಆಸ್ಟ್ರೋಸೈಟ್‌ಗಳು ಅದನ್ನು ಬಿಡದಂತೆ ತಡೆದಾಗ ನಿದ್ದೆಯ ಎಳೆತವೇ ಕುಗ್ಗಿತ್ತು. ಕೆಫೀನ್ ಮಾಡುವುದು ಇಷ್ಟೇ: ಅಡೆನೊಸಿನ್ ಕೂರಬೇಕಾದ ಕುರ್ಚಿಯಲ್ಲಿ ತಾನು ಕೂರುತ್ತದೆ. ಅಡೆನೊಸಿನ್ ಹೊರಗೆ ಕಾಯುತ್ತಲೇ ಇರುತ್ತದೆ. ಕುಡಿದ ಕೆಫೀನಿನ ಅರ್ಧ ಖಾಲಿಯಾಗಲು ಸುಮಾರು ಐದು ಗಂಟೆ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಮ್ಮಿ ಎರಡು ಪಟ್ಟು. ಸಂಜೆ ಏಳರ ಗಟ್ಟಿ ರೊಬಸ್ಟಾ ಲೋಟದ ಅರ್ಧ, ಮಧ್ಯರಾತ್ರಿಗೂ ಕುರ್ಚಿ ಬಿಟ್ಟಿರುವುದಿಲ್ಲ.

ಎಬ್ಬಿಸೋದಾ, ಮಲಗಿಸೋದಾ

ಔಷಧಗಳ ಸುದ್ದಿ ಇದಕ್ಕಿಂತ ಗೋಜಲು. 2013ರಲ್ಲಿ ಟ್ರೆಮ್2 ಅನ್ನುವ ಜೀನ್ ಬೆಳಕಿಗೆ ಬಂತು. ಇದು ಮೆದುಳಿನಲ್ಲಿ ಕೆಲಸ ಮಾಡುವುದು ಮೈಕ್ರೋಗ್ಲಿಯಾದಲ್ಲಿ. ಇದರ ಒಂದು ದುರ್ಬಲ ರೂಪ ಇರುವವರಿಗೆ ಮರೆವಿನ ಕಾಯಿಲೆಯಾದ ಆಲ್‌ಜೈಮರ್ ಬರುವ ಅಪಾಯ ಎರಡು ಮೂರು ಪಟ್ಟು ಹೆಚ್ಚು. ಮೈಕ್ರೋಗ್ಲಿಯಾ ಮಂಕಾದರೆ ಕಸ ಉಳಿಯುತ್ತದೆ, ಕಸ ಉಳಿದರೆ ಕಾಯಿಲೆ. ಹಾಗಾದರೆ ಅದನ್ನು ಚುರುಕುಗೊಳಿಸಿದರಾಯಿತು ಅನ್ನುವ ಲೆಕ್ಕಾಚಾರ ಸಹಜವಾಗಿಯೇ ಬಂತು. ಎಎಲ್002 ಅನ್ನುವ ಔಷಧ ಮಾಡಿದ್ದು ಅದನ್ನೇ. 2024ರ ನವೆಂಬರಿನಲ್ಲಿ ಫಲಿತಾಂಶ ಬಂತು: ಕಾಯಿಲೆ ನಿಧಾನವಾಗಲಿಲ್ಲ.

ಅದೇ ವರ್ಷ ಮಲ್ಟಿಪಲ್ ಸ್ಕ್ಲೆರೋಸಿಸ್ ಕಡೆಯಿಂದ ಬೇರೆ ಸುದ್ದಿ ಬಂತು. ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ಪಡೆಯೇ ಮೈಲಿನ್ ಹೊದಿಕೆಯನ್ನು ಕಿತ್ತುಹಾಕುತ್ತದೆ. ವರ್ಷಗಳಾದ ಮೇಲೆ ಮೈಕ್ರೋಗ್ಲಿಯಾ ಶಾಂತವಾಗದೆ ಹೊಗೆಯಾಡುತ್ತಲೇ ಇರುತ್ತವೆ. ಟೊಲೆಬ್ರುಟಿನಿಬ್ ಅನ್ನುವ ಮಾತ್ರೆ ರಕ್ತದಲ್ಲಿರುವ ರಕ್ಷಣಾ ಪಡೆಯ ಬಿ ಕೋಶಗಳ ಜೊತೆಗೆ ಇವುಗಳನ್ನೂ ತಣ್ಣಗಾಗಿಸುವಂಥದ್ದು. ನಿಧಾನವಾಗಿ ಉಲ್ಬಣಿಸುವ ಬಗೆಯ ರೋಗಿಗಳಲ್ಲಿ ಅಂಗವೈಕಲ್ಯ ಹೆಚ್ಚುವ ಅಪಾಯ 31% ಕಮ್ಮಿಯಾಯಿತು. ಜೊತೆಗೆ ಕೆಲವರ ಯಕೃತ್ತಿಗೆ ಪೆಟ್ಟು ಬಿತ್ತು, ಆ ಆತಂಕ ದೊಡ್ಡದು.

ಇನ್ನು ಲೆಕಾನೆಮ್ಯಾಬ್. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಆಲ್‌ಜೈಮರ್ ಔಷಧ. ಇದು ಅಮಿಲಾಯ್ಡ್ ಗಂಟಿಗೆ ಚೀಟಿ ಅಂಟಿಸುತ್ತದೆ. ಚೀಟಿ ನೋಡಿ ಬಂದು ನುಂಗುವುದು ಬಹುಪಾಲು ಮೈಕ್ರೋಗ್ಲಿಯಾ. ಅಂದರೆ ಒಂದು ಸುದ್ದಿಯಲ್ಲಿ ಮೆದುಳು ತಿನ್ನುವ ರಾಕ್ಷಸ, ಇನ್ನೊಂದರಲ್ಲಿ ಅದೇ ಕೋಶ ಔಷಧದ ಕೈಯಾಳು. 18 ತಿಂಗಳ ಪ್ರಯೋಗದಲ್ಲಿ ಕಾಯಿಲೆಯ ಇಳಿತ 27% ನಿಧಾನವಾಯಿತು. ಕೇಳಲು ದೊಡ್ಡದು. 18 ಅಂಕಗಳ ಅಳತೆಪಟ್ಟಿಯಲ್ಲಿ ಆ ವ್ಯತ್ಯಾಸ ಅರ್ಧ ಅಂಕಕ್ಕಿಂತಲೂ ಕಮ್ಮಿ. ಅಷ್ಟರಿಂದ ಮನೆಯವರಿಗೆ ಕಣ್ಣಿಗೆ ಕಾಣುವ ವ್ಯತ್ಯಾಸ ಆಗುತ್ತದಾ ಅನ್ನುವುದರ ಬಗ್ಗೆ ವೈದ್ಯರಲ್ಲೇ ಎರಡು ಬಣ. ಔಷಧ ಪಡೆದವರಲ್ಲಿ ಸುಮಾರು 12.6% ಜನರ ಮೆದುಳಿನಲ್ಲಿ ಊತ ಕಂಡಿತು, ಹೆಚ್ಚಿನವರಿಗೆ ಅದರ ಲಕ್ಷಣ ಗೊತ್ತಾಗಲಿಲ್ಲ.

ಎಬ್ಬಿಸಿದರೆ ಸೋಲು, ತಣ್ಣಗಾಗಿಸಿದರೆ ಒಂದಿಷ್ಟು ಗೆಲುವು, ಗುರಿ ತೋರಿಸಿದರೆ ಇನ್ನೊಂದಿಷ್ಟು. ಇದರಲ್ಲಿ ವಿರೋಧ ಇಲ್ಲ ಅನ್ನುವುದು ನನ್ನ ಓದು. ಕಾಫಿ ತೋಟದ ನೆರಳಿನ ಲೆಕ್ಕ ಗೊತ್ತಿದ್ದರೆ ಇದು ಸುಲಭ. ನೆರಳು ಜಾಸ್ತಿಯಾದರೆ ಮಳೆಗಾಲದಲ್ಲಿ ಕೊಳೆರೋಗ, ಕಮ್ಮಿಯಾದರೆ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ. ನೆರಳು ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳಿದರೆ ಬೆಳೆಗಾರ ನಗುತ್ತಾನೆ. ಯಾವ ತೋಟ, ಯಾವ ತಿಂಗಳು ಅಂತ ಮರುಪ್ರಶ್ನೆ ಹಾಕುತ್ತಾನೆ. ಮೈಕ್ರೋಗ್ಲಿಯಾಕ್ಕೂ ಕೇಳಬೇಕಾದ್ದು ಅದೇ. ಕಾಯಿಲೆಯ ಆರಂಭದಲ್ಲಿ ಅದು ಗಂಟಿನ ಸುತ್ತ ಬೇಲಿ ಹಾಕಿ ಕಾಪಾಡುತ್ತದೆ. ವರ್ಷಗಳ ನಂತರ ಅದೇ ಕೋಶ ಉರಿಯೂತದ ವಸ್ತುಗಳನ್ನು ಸುರಿಯುತ್ತಾ ಪಕ್ಕದ ನರಕೋಶಗಳನ್ನು ಕೆಡಿಸುತ್ತದೆ. ರೋಗಲಕ್ಷಣ ಕಾಣಿಸಿಕೊಳ್ಳುವ ಹೊತ್ತಿಗೆ ಆರಂಭ ಮುಗಿದು ಹತ್ತಾರು ವರ್ಷ ಆಗಿರುತ್ತದೆ. ಎಬ್ಬಿಸುವ ಔಷಧ ತಡವಾಗಿ ಬಂತೋ ಏನೋ.

ಕೈ ನರ ಕೂಡುತ್ತದೆ, ಬೆನ್ನುಹುರಿ ಯಾಕೆ ಕೂಡದು

ಆಸರೆ ಕೋಶಗಳ ಬೆಲೆ ಎಷ್ಟು ಅಂತ ಇದರಷ್ಟು ಖಚಿತವಾಗಿ ತೋರಿಸುವ ಸಂಗತಿ ಬೇರೊಂದಿಲ್ಲ.

ಕತ್ತಿ ತಾಗಿ ಮಣಿಕಟ್ಟಿನ ಹತ್ತಿರ ನರ ತುಂಡಾಯಿತು ಅನ್ನಿ. ಶಸ್ತ್ರಚಿಕಿತ್ಸೆಯಲ್ಲಿ ತುದಿಗಳನ್ನು ಸೇರಿಸಿ ಹೊಲಿದರೆ ನರ ಮತ್ತೆ ಬೆಳೆಯುತ್ತದೆ, ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಬೆರಳ ತುದಿ ತಲುಪಲು ಆರು ತಿಂಗಳು ಹಿಡಿಯಬಹುದು, ಮೊದಲಿನಷ್ಟು ಚುರುಕು ಬರದಿರಬಹುದು, ಆದರೆ ಬೆಳೆಯುತ್ತದೆ. ಏಣಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದರೆ ಹಾಗೆ ಆಗುವುದಿಲ್ಲ. ಸೊಂಟದ ಕೆಳಗಿನ ಸ್ವಾಧೀನ ಹೋದವರಲ್ಲಿ ಅನೇಕರಿಗೆ ಅದು ಹೋದದ್ದೇ.

ಬೆನ್ನುಹುರಿಯ ನರಕೋಶಗಳಿಗೆ ಬೆಳೆಯುವ ಶಕ್ತಿಯೇ ಇಲ್ಲ ಅಂತ ತುಂಬಾ ಕಾಲ ನಂಬಿದ್ದರು. 1981ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸ್ಯಾಮುಯೆಲ್ ಡೇವಿಡ್ ಮತ್ತು ಆಲ್ಬರ್ಟ್ ಅಗ್ವಾಯೋ ಇಲಿಗಳಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಕಾಲಿನ ನರದ ಒಂದು ತುಂಡನ್ನು ತೆಗೆದು, ಒಂದು ತುದಿಯನ್ನು ಮೆದುಳಿನ ಬುಡಕ್ಕೆ, ಇನ್ನೊಂದನ್ನು ಬೆನ್ನುಹುರಿಗೆ ಸೇರಿಸಿ ಸೇತುವೆ ಕಟ್ಟಿದರು. ಬೆಳೆಯಲಾರವು ಅಂತ ಎಲ್ಲರೂ ಬರೆದುಬಿಟ್ಟಿದ್ದ ಎಳೆಗಳು ಆ ಸೇತುವೆಯೊಳಗೆ ಸೆಂಟಿಮೀಟರುಗಟ್ಟಲೆ ಬೆಳೆದವು. ಸೇತುವೆ ಮುಗಿದು ಮತ್ತೆ ಬೆನ್ನುಹುರಿಗೆ ಕಾಲಿಟ್ಟ ಮೇಲೆ, ಸ್ವಲ್ಪದರಲ್ಲೇ ನಿಂತುಬಿಟ್ಟವು.

ನರಕೋಶ ಅದೇ. ಬದಲಾದದ್ದು ನೆರೆಹೊರೆ. ಸೇತುವೆಯಲ್ಲಿ ಇದ್ದವು ಶ್ವಾನ್ ಕೋಶಗಳು. ನರ ತುಂಡಾದ ಕೂಡಲೇ ಅವು ಸುತ್ತುವ ಕೆಲಸ ಬಿಟ್ಟು ಬೇರೆ ವೇಷ ಹಾಕುತ್ತವೆ. ಮುರಿದ ಹೊದಿಕೆಯ ಕಸ ನುಂಗುತ್ತವೆ, ಸಾಲಾಗಿ ನಿಂತು ದಾರಿ ಮಾಡುತ್ತವೆ, ಬೆಳೆಯಲು ಬೇಕಾದ ರಾಸಾಯನಿಕ ಸುರಿಯುತ್ತವೆ. ಬೆನ್ನುಹುರಿಯೊಳಗಿನ ಆಲಿಗೊಡೆಂಡ್ರೋಸೈಟ್ ಇದ್ಯಾವುದನ್ನೂ ಮಾಡುವುದಿಲ್ಲ. ಸಾಲದ್ದಕ್ಕೆ ಅದರ ಹೊದಿಕೆಯಲ್ಲಿ ನೋಗೋ ಅನ್ನುವ, ಬೆಳವಣಿಗೆಗೆ ಅಡ್ಡಗಾಲು ಹಾಕುವ ಪ್ರೋಟೀನ್ ಇದೆ. ಕಸ ತಿಂಗಳುಗಟ್ಟಲೆ ಅಲ್ಲೇ ಬಿದ್ದಿರುತ್ತದೆ. ಗಾಯದ ಸುತ್ತ ಆಸ್ಟ್ರೋಸೈಟ್‌ಗಳು ಒತ್ತೊತ್ತಾಗಿ ಸೇರಿ ಗೋಡೆ ಕಟ್ಟುತ್ತವೆ.

ಆ ಗೋಡೆಯ ಬಗ್ಗೆಯೂ ಎರಡು ಪಕ್ಷ. ಗೋಡೆಯಲ್ಲಿರುವ ಸಕ್ಕರೆ ಬೆರೆತ ಪ್ರೋಟೀನುಗಳು ಎಳೆಗಳನ್ನು ತಡೆಯುತ್ತವೆ, ಅವನ್ನು ಕರಗಿಸುವ ಕಿಣ್ವ ಕೊಟ್ಟಾಗ ಇಲಿಗಳಲ್ಲಿ ಎಳೆಗಳು ಬೆಳೆದು ಚಲನೆ ಸುಧಾರಿಸಿತು, ಆದ್ದರಿಂದ ಗೋಡೆಯೇ ಶತ್ರು ಅಂತ ಒಂದು ಪಕ್ಷ. 2002ರ ಬ್ರಿಟನ್ನಿನ ಪ್ರಯೋಗ ಇದಕ್ಕೆ ಬಲ. 2016ರಲ್ಲಿ ಕ್ಯಾಲಿಫೋರ್ನಿಯಾದ ಮೈಕೆಲ್ ಸೊಫ್ರೊನ್ಯೂ ತಂಡ ಇಲಿಗಳಲ್ಲಿ ಗೋಡೆ ಕಟ್ಟದಂತೆಯೇ ತಡೆದು ನೋಡಿತು. ಎಳೆಗಳು ಬೆಳೆಯಲಿಲ್ಲ, ಇದ್ದವೂ ಹಿಂದೆ ಸರಿದವು. ಗೋಡೆ ಇಲ್ಲದಿದ್ದರೆ ಗಾಯದ ಉರಿಯೂತ ಪಕ್ಕದ ಆರೋಗ್ಯವಂತ ಭಾಗಕ್ಕೂ ಹರಡುತ್ತದೆ ಅನ್ನುವುದು ಮೊದಲೇ ಗೊತ್ತಿತ್ತು. ಬಹುಶಃ ಗೋಡೆ ಬೇಕು, ಅದರಲ್ಲಿ ಬಾಗಿಲೂ ಬೇಕು.

ಇಲ್ಲಿನ ಲೆಕ್ಕ

ಇದರಿಂದ ಕೊಡಗಿನ ಓದುಗರಿಗೆ ಆಗಬೇಕಾದ್ದು ಏನು? ಮರೆವಿನ ಕಾಯಿಲೆಯ ಹೊಸ ಔಷಧಗಳ ಬಗ್ಗೆ ಆಸೆ ಇಟ್ಟುಕೊಳ್ಳುವ ಮೊದಲು ದಾರಿಯ ಲೆಕ್ಕ ಹಾಕಬೇಕು. ಲೆಕಾನೆಮ್ಯಾಬ್ ಎರಡು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡುವ ಔಷಧ. ಊತ ಬಂತಾ ಅಂತ ನೋಡಲು ಮತ್ತೆ ಮತ್ತೆ ಎಂಆರ್‌ಐ ಬೇಕು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಒಂದೂವರೆ ವರ್ಷದ ಚಿಕಿತ್ಸೆ ಅಂದರೆ ಹತ್ತಿರ ಹತ್ತಿರ 39 ಸಲ ಡ್ರಿಪ್. ಅದೂ ಕಾಯಿಲೆ ಆರಂಭದ ಹಂತದಲ್ಲಿರುವವರಿಗೆ ಮಾತ್ರ. "ವಯಸ್ಸಾಯ್ತಲ್ಲ, ಮರೆವು ಸಹಜ" ಅಂತ ಮನೆಯಲ್ಲಿ ಮೂರು ವರ್ಷ ಕಳೆದವರಿಗೆ ಈ ಔಷಧದ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ.

ಬೆನ್ನುಹುರಿಯ ಪೆಟ್ಟಿಗೆ ಕಾಂಡಕೋಶ (ಸ್ಟೆಮ್ ಸೆಲ್) ಚಿಕಿತ್ಸೆ ಅಂತ ಲಕ್ಷಗಟ್ಟಲೆ ಕೇಳುವ ಜಾಹೀರಾತುಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಕಾಂಡಕೋಶ ಕಸಿ ಚಿಕಿತ್ಸೆಯಾಗಿ ಒಪ್ಪಿತವಾಗಿರುವುದು ಕೆಲವು ರಕ್ತದ ಕಾಯಿಲೆಗಳಂಥವಕ್ಕೆ. ಉಳಿದದ್ದು ಪ್ರಯೋಗ, ಪ್ರಯೋಗಕ್ಕೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಹೊಸ ಕೋಶ ಸುರಿದ ಮಾತ್ರಕ್ಕೆ ನೋಗೋ ಹೋಗುವುದಿಲ್ಲ, ಗೋಡೆಯಲ್ಲಿ ಬಾಗಿಲು ತೆರೆಯುವುದೂ ಇಲ್ಲ.

2025ರ ಜನವರಿ-ಫೆಬ್ರವರಿಯಲ್ಲಿ ಪುಣೆಯಲ್ಲಿ 200ಕ್ಕೂ ಹೆಚ್ಚು ಜನರಲ್ಲಿ ಗಿಲಾನ್ ಬಾರೆ ಸಿಂಡ್ರೋಮ್ ಶಂಕೆ ಬಂದಾಗ ಇಲ್ಲೂ ಗಾಬರಿ ಹರಡಿತ್ತು. ಅದು ಅಂಟುರೋಗವಲ್ಲ. ಕೆಟ್ಟ ನೀರಿನಿಂದ ಬಂದ ಭೇದಿಯ ರೋಗಾಣುವಿನ ಜೊತೆ ಹೋರಾಡುವ ದೇಹ, ಅದರ ಹೋಲಿಕೆಯ ಗುರುತಿದೆ ಅಂತ ತನ್ನದೇ ನರಗಳ ಮೇಲೆ ಬೀಳುತ್ತದೆ. ಒಂದು ಬಗೆಯಲ್ಲಿ ಪೆಟ್ಟು ಶ್ವಾನ್ ಕೋಶದ ಹೊದಿಕೆಗೆ, ಇನ್ನೊಂದರಲ್ಲಿ ನೇರ ಎಳೆಗೆ. ಹೊದಿಕೆ ಮಾತ್ರ ಹೋದರೆ ಶ್ವಾನ್ ಕೋಶಗಳು ವಾರ ತಿಂಗಳುಗಳಲ್ಲಿ ಮತ್ತೆ ಸುತ್ತುತ್ತವೆ. ಮಳೆಗಾಲದಲ್ಲಿ ಭೇದಿಯಾಗಿ ಒಂದೆರಡು ವಾರದ ಮೇಲೆ ಎರಡೂ ಪಾದ ಜೋಮು ಹಿಡಿದು, ಶಕ್ತಿ ಕುಂದುವುದು ಕಾಲಿನಿಂದ ಮೇಲಕ್ಕೆ ಏರುತ್ತಿದ್ದರೆ ಅದೇ ದಿನ ದೊಡ್ಡ ಆಸ್ಪತ್ರೆ ಸೇರಬೇಕು. ಎರಡು ವಾರದೊಳಗೆ ಚಿಕಿತ್ಸೆ ಶುರುವಾದರೆ ಫಲ ಜಾಸ್ತಿ, ಮತ್ತು ಕೆಲವರಲ್ಲಿ ಉಸಿರಾಟದ ಸ್ನಾಯು ಗಂಟೆಗಳಲ್ಲೇ ಸೋಲಬಹುದು.

ಇನ್ನು ಏಣಿಯಿಂದ, ಮರ ಕಪಾತು ಮಾಡುವಾಗ ಬಿದ್ದವರ ವಿಚಾರ. ಬೆನ್ನುಹುರಿಯ ಹಾನಿ ಬಿದ್ದ ಕ್ಷಣಕ್ಕೇ ಮುಗಿಯುವುದಿಲ್ಲ. ಮುಂದಿನ ಗಂಟೆಗಳಲ್ಲಿ, ದಿನಗಳಲ್ಲಿ ಊತ ಏರುತ್ತದೆ, ಒಡೆದ ಕೋಶಗಳ ಗ್ಲುಟಮೇಟ್ ಚೆಲ್ಲಿ ಆಸ್ಟ್ರೋಸೈಟ್‌ಗಳ ಕೈ ಮೀರುತ್ತದೆ, ಮೈಕ್ರೋಗ್ಲಿಯಾ ಕೆರಳುತ್ತವೆ, ಮೊದಲ ಪೆಟ್ಟಿನಲ್ಲಿ ಉಳಿದಿದ್ದ ಎಳೆಗಳೂ ಸಾಯುತ್ತವೆ. ಈ ಎರಡನೆಯ ಹಾನಿ ತಡೆಯುವ ಪಕ್ಕಾ ಔಷಧ ಇನ್ನೂ ಬಂದಿಲ್ಲ. ಆದರೆ ಮುರಿದ ಮೂಳೆ ಮತ್ತೆ ಅಲುಗಿ ಹುರಿಯನ್ನು ಇನ್ನಷ್ಟು ಜಜ್ಜುವುದನ್ನು ತಡೆಯಬಹುದು. ಬಿದ್ದವರನ್ನು ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಕೂರಿಸಬಾರದು. ಇಬ್ಬರು ಎತ್ತಿ ಜೀಪಿನ ಹಿಂಬದಿಗೆ ಮಡಚಿ ಹಾಕಬಾರದು. 108ಕ್ಕೆ ಫೋನ್ ಮಾಡಿ, ತಲೆ ಕುತ್ತಿಗೆ ಹೇಗಿತ್ತೋ ಹಾಗೇ ಹಿಡಿದುಕೊಂಡು ಕಾಯಬೇಕು. ಆಂಬುಲೆನ್ಸ್ ಬರಲಾರದ ಒಳದಾರಿಯಾದರೆ ನಾಲ್ಕೈದು ಜನ ಸೇರಿ, ಮೈ ತಿರುಚದಂತೆ ಒಟ್ಟಿಗೆ ಸರಿಸಿ ಗಟ್ಟಿ ಹಲಗೆಯ ಮೇಲೆ ಮಲಗಿಸಬೇಕು. ಹಲಗೆ ಸಿಗದಿದ್ದರೆ ಲೈನ್ ಮನೆಯ ಒಂದು ಬಾಗಿಲು ಕಳಚಿದರೂ ಆದೀತು.